ಕೃಷಿ ಹೊಂಡದ ತಾಡಪತ್ರಿ: ತೇಪೆ ಸಾಕೋ, ಹೊಸದೇ ಬೇಕೋ?

ಹೊಂಡದ ನೀರು ಲೆಕ್ಕಕ್ಕಿಂತ ಬೇಗ ಇಳಿಯತೊಡಗಿದರೆ ಮೊದಲು ಕೇಳಿಬರುವ ಮಾತು ‘ತಾಡಪತ್ರಿ (ನೀರು ಇಂಗದಂತೆ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ) ಹರಿದಿದೆ, ಬದಲಿಸಿಬಿಡಿ’ ಎಂಬುದು. ಅಂಗಡಿಯವರೂ ಹಾಗೇ ಅನ್ನುತ್ತಾರೆ, ಪಕ್ಕದ ಹೊಲದವರೂ ಹಾಗೇ ಅನ್ನುತ್ತಾರೆ. ಇತ್ತ, ಉದುರುತ್ತಿರುವ ಹಾಳೆಗೆ ವರ್ಷವರ್ಷ ತೇಪೆ ಹಾಕಿಸಿ ಹೊಸ ಹಾಳೆಯ ಅರ್ಧ ದುಡ್ಡು ಕಳೆದುಕೊಂಡವರೂ ಇದ್ದಾರೆ. ಎರಡೂ ತಪ್ಪಿಗೆ ಬೇರು ಒಂದೇ. ತೂತು ಎಣಿಸುತ್ತೇವೆ, ಹಾಳೆಯಲ್ಲಿ ಜೀವ ಉಳಿದಿದೆಯೇ ಎಂದು ನೋಡುವುದಿಲ್ಲ. ಇಪ್ಪತ್ತು ತೂತು ಬಿದ್ದ ಗಟ್ಟಿ ಹಾಳೆಯನ್ನು ಉಳಿಸಿಕೊಳ್ಳಬಹುದು. ಒಂದೂ ತೂತಿಲ್ಲದೆ ಗರಿಗರಿಯಾದ ಹಾಳೆಯನ್ನು ಉಳಿಸಲಾಗದು.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಮೊದಲ ವರ್ಷಗಳಲ್ಲಿ ತೋಡಿದ ಹೊಂಡಗಳಿಗೂ, ತಿಕೋಟಾ, ಬಬಲೇಶ್ವರ, ಅಥಣಿ ಕಡೆಯ ದ್ರಾಕ್ಷಿ ತೋಟಗಳ ದೊಡ್ಡ ಹೊಂಡಗಳಿಗೂ, ಬಾಗಲಕೋಟೆ ಜಿಲ್ಲೆಯ ದಾಳಿಂಬೆ ಹೊಂಡಗಳಿಗೂ ಈಗ ಈ ಪ್ರಶ್ನೆ ಬಂದಿದೆ. ಇಲ್ಲಿನ ಲೆಕ್ಕಗಳಿಗೆ ಮೇಲ್ಭಾಗ 30×30 ಮೀಟರ್, ಆಳ 3 ಮೀಟರ್, ಇಳಿಜಾರು 1:1.5 (ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ) ಇರುವ ಹೊಂಡವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಅದರ ತಳ 21×21 ಮೀಟರ್, ತುಂಬಿದಾಗ ಹಿಡಿಯುವ ನೀರು ಸುಮಾರು 19.7 ಲಕ್ಷ ಲೀಟರ್. 21×21×3 ಮೀಟರಿನ, 1:1 ಇಳಿಜಾರಿನ ಹೊಂಡವಾದರೆ 9.8 ಲಕ್ಷ ಲೀಟರ್.

ಸೋರುತ್ತಿದೆಯೋ, ಆವಿಯಾಗುತ್ತಿದೆಯೋ

ಏಪ್ರಿಲ್-ಮೇ ಬಿಸಿಲಿನಲ್ಲಿ ವಿಜಯಪುರದ ಬಯಲಲ್ಲಿ ನೀರು ದಿನಕ್ಕೆ 8ರಿಂದ 10 ಮಿಲಿಮೀಟರ್ ಇಳಿಯುವುದು ಸಹಜ, ಗಾಳಿ ಜೋರಿದ್ದ ದಿನ ಇನ್ನೂ ತುಸು ಹೆಚ್ಚು. ಇದನ್ನೇ ಸೋರಿಕೆ ಎಂದು ತಿಳಿದು ಹಾಳೆ ಬದಲಿಸಿದರೆ ಹೊಸ ಹಾಳೆಯಲ್ಲೂ ಅಷ್ಟೇ ಇಳಿಯುತ್ತದೆ. ಆದ್ದರಿಂದ ಮೊದಲ ಕೆಲಸ ಬಕೆಟ್ ಪರೀಕ್ಷೆ.

ಮರಳು ತುಂಬಿದ ಚೀಲವೊಂದನ್ನು ದಂಡೆಯ ಹತ್ತಿರ, ಮೊಣಕಾಲಿಗಿಂತ ಕಡಿಮೆ ನೀರಿರುವ ಕಡೆ ಇಳಿಜಾರಿನ ಮೇಲೆ ಇಡಿ. ಅದರ ಮೇಲೆ ಅಗಲ ಬಾಯಿಯ ಬಕೆಟ್ ಕೂರಿಸಿ, ಹಗ್ಗದಿಂದ ಬೇಲಿ ಕಂಬಕ್ಕೆ ಕಟ್ಟಿ, ಒಳಗಿನ ನೀರು ಹೊರಗಿನ ಮಟ್ಟಕ್ಕೇ ಬರುವಂತೆ ತುಂಬಿ. ಬಕೆಟ್ಟಿನ ಒಳಗೊಂದು ಗೆರೆ, ಹೊರಗೊಂದು ಗೆರೆ. ಎರಡು ದಿನ ಪಂಪು ಹಚ್ಚಬೇಡಿ, ನೀರು ಬಿಡಬೇಡಿ, ದನಕ್ಕೆ ಕುಡಿಸಬೇಡಿ. ಮಳೆ ಬಂದರೆ ಮೊದಲಿನಿಂದ ಶುರುಮಾಡಿ. 48 ಗಂಟೆಯ ನಂತರ ಒಳಗೂ ಹೊರಗೂ ಒಂದೇ ಅಳತೆ ಇಳಿದಿದ್ದರೆ ಹಾಳೆ ಚೆನ್ನಾಗಿದೆ, ನೀರು ಕುಡಿಯುತ್ತಿರುವುದು ಬಿಸಿಲು. ಹೊರಗೆ ಹೆಚ್ಚು ಇಳಿದಿದ್ದರೆ ಆ ವ್ಯತ್ಯಾಸವಷ್ಟೇ ಸೋರಿಕೆ.

ಬಕೆಟ್ ಇಡದೆ ಹಾಳೆಯ ಮೇಲೆ ಗುರುತು ಹಾಕಿ ಅಳೆಯುವವರು ಒಂದು ಮಾತು ನೆನಪಿಡಬೇಕು: ಇಳಿಜಾರಿನ ಮೇಲೆ ಟೇಪು ತೋರಿಸುವ ಅಳತೆ ನಿಜವಾದ ಇಳಿತಕ್ಕಿಂತ ಹೆಚ್ಚು. 1:1.5 ಇಳಿಜಾರಿನಲ್ಲಿ ಅದನ್ನು 1.8ರಿಂದ ಭಾಗಿಸಿ, 1:1ರಲ್ಲಿ 1.4ರಿಂದ. ಇದು ತಿಳಿಯದೆ ‘ದಿನಕ್ಕೆ ಎರಡು ಸೆಂಟಿಮೀಟರ್ ಹೋಗುತ್ತಿದೆ’ ಎಂದು ಗಾಬರಿಯಾಗುವವರು ಬಹಳ.

ತುಂಬಿದ ಮಾದರಿ ಹೊಂಡದಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 9,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೆಚ್ಚುಕಡಿಮೆ ಎರಡು ಟ್ಯಾಂಕರ್, ಅದೂ ಪ್ರತಿದಿನ. ಬರಗಾಲದಲ್ಲಿ ದ್ರಾಕ್ಷಿಗೆ ಟ್ಯಾಂಕರ್ ಹೊಡೆಸಿದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ತೂತು ಎಲ್ಲಿದೆ ಎಂಬುದನ್ನು ನೀರೇ ತೋರಿಸುತ್ತದೆ. ದಿನವೂ ಒಂದೇ ಹೊತ್ತಿಗೆ ಮಟ್ಟ ಬರೆದಿಡಿ. ಇಳಿತ ಜೋರಾಗಿದ್ದು ಒಂದು ಮಟ್ಟಕ್ಕೆ ಬಂದ ಮೇಲೆ ಬಕೆಟ್ಟಿನ ಇಳಿತಕ್ಕೆ ಸಮನಾದರೆ ತೂತು ಇರುವುದು ಆ ಮಟ್ಟದ ಸ್ವಲ್ಪ ಮೇಲಿನ ಸುತ್ತಿನಲ್ಲಿ. ಆ ಒಂದು ಅಡಿಯ ಪಟ್ಟಿಯನ್ನು ಸುತ್ತಲೂ ಕೈಯಾಡಿಸಿ ನೋಡಿದರೆ ಸಾಕು, ಹೊಂಡವನ್ನೆಲ್ಲ ಹುಡುಕಬೇಕಿಲ್ಲ. ನೀರಿನೊಳಗಿನ ತೂತಿನ ಅನುಮಾನವಿದ್ದರೆ ಗಾಳಿಯಿಲ್ಲದ ನಸುಕಿನಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಸಿರಿಂಜಿನಲ್ಲಿ ತುಂಬಿ ಅಲ್ಲಿ ನಿಧಾನ ಬಿಡಿ. ತೂತಿದ್ದರೆ ಬಣ್ಣ ಹರಡದೆ ಎಳೆಯಾಗಿ ಒಳಗೆ ಜಾರುತ್ತದೆ. ಕೊನೆಯ ಹನಿಯವರೆಗೂ ಬಕೆಟ್ಟಿಗಿಂತ ಹೆಚ್ಚೇ ಇಳಿಯುತ್ತಿದ್ದರೆ ತೂತು ತಳದಲ್ಲಿ, ಹೆಚ್ಚಾಗಿ ಪಂಪಿನ ಹೀರುಕೊಳವೆಯ ತುದಿಯ ಫುಟ್‌ವಾಲ್ವ್ ಉಜ್ಜುವ ಜಾಗದಲ್ಲಿ.

ಹಾಳೆ ಯಾವುದು?

ಇದು ತಿಳಿಯದೆ ತೇಪೆಯ ಮಾತೇ ಇಲ್ಲ. ಹಾಳೆಯಲ್ಲಿ ಹೆಣೆದ ಎಳೆಗಳು ಕಂಡರೆ ಅದು ಲ್ಯಾಮಿನೇಟೆಡ್ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥೀನಿನ ಎಳೆಯ ಮೇಲೆ ಎರಡೂ ಬದಿಗೆ ತೆಳು ಲೇಪ ಇರುವಂಥದ್ದು. ಎಳೆ ಕಾಣದೆ ನುಣ್ಣಗೆ ಕಪ್ಪಗಿದ್ದರೆ ಒಂದು ಚೂರು ಕತ್ತರಿಸಿ ಲೋಟದ ನೀರಿಗೆ ಹಾಕಿ ಬೆರಳಿನಿಂದ ಅದುಮಿ ಬಿಡಿ. ತೇಲಿಬಂದರೆ ಪಾಲಿಥೀನ್ ಜಾತಿ, ಮುಳುಗಿದರೆ ಪಿವಿಸಿ.

ಈ ಭೇದ ಏಕೆ ಮುಖ್ಯ? ಪಿವಿಸಿ ಹಾಳೆಗೆ ಅದರ ದ್ರಾವಕ ಅಂಟು ಹಿಡಿಯುತ್ತದೆ. ಪಾಲಿಥೀನಿಗೆ ಯಾವ ಅಂಟೂ ಬಾಳಿಕೆ ಬರುವಂತೆ ಹಿಡಿಯುವುದಿಲ್ಲ. ಪೈಪಿಗೆ ಹಚ್ಚುವ ಸೊಲ್ಯೂಷನ್, ಸೈಕಲ್ ಪಂಕ್ಚರಿನ ಸೊಲ್ಯೂಷನ್, ಎಪಾಕ್ಸಿ, ಡಾಂಬರು, ಎಲ್ಲವೂ ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಬರುತ್ತವೆ. ಪಾಲಿಥೀನ್ ಕೂಡುವುದು ಬಿಸಿಗೆ ಕರಗಿಸಿ ಒತ್ತಿ ಬೆಸೆದರೆ ಮಾತ್ರ. ಬ್ಯುಟೈಲ್ ಟೇಪು (ರಬ್ಬರಿನ ಜಿಗುಟು ಪಟ್ಟಿ) ಒಣ, ಸ್ವಚ್ಛ ಹಾಳೆಗೆ ಒಂದು ಹಂಗಾಮು ಹಿಡಿಯುತ್ತದೆ. ಬೆಳೆ ನಿಂತಾಗ ನೀರು ಉಳಿಸಿಕೊಳ್ಳಲು ಅದು ಸರಿ, ಆದರೆ ಅದನ್ನು ದುರಸ್ತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಜೀವದ ಪರೀಕ್ಷೆ

ಹಾಳೆ ಮೊದಲು ಸಾಯುವುದು ನೀರಿನ ಗೆರೆಗಿಂತ ಮೇಲಿನ ಪಟ್ಟಿಯಲ್ಲಿ. ನೀರಿನಡಿ ಬಿಸಿಲೂ ಕಡಿಮೆ, ಕಾವೂ ಕಡಿಮೆ. ಮೇಲಿನ ಪಟ್ಟಿಯಾದರೋ ವರ್ಷವಿಡೀ ಬಿಸಿಲಲ್ಲಿ ಬೇಯುತ್ತದೆ. ಕಪ್ಪು ಬಣ್ಣಕ್ಕೆ ಸೇರಿಸುವ ಕಾರ್ಬನ್ ಪುಡಿಯೇ ಬಿಸಿಲನ್ನು ತಡೆಯುವುದು. ಅದು ಕಡಿಮೆ ಇರುವ ಅಥವಾ ಗುಜರಿ ಪ್ಲಾಸ್ಟಿಕ್ ಬೆರೆಸಿದ ಹಾಳೆಯಲ್ಲಿ ಮೇಲಿನ ಪಟ್ಟಿ ಬೇಗ ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತದೆ.

ಮೂರು ಕಡೆಯಿಂದ ಅಂಗೈಯಗಲದ ಚೂರು ಕತ್ತರಿಸಿ: ಉತ್ತರ ದಂಡೆಯ ಇಳಿಜಾರಿನ ಮೇಲ್ಪಟ್ಟಿ (ಅದು ದಕ್ಷಿಣಕ್ಕೆ ಮುಖಮಾಡಿದೆ, ಬಿಸಿಲು ಹೆಚ್ಚು), ಅರ್ಧ ಆಳದ ಒಂದು ಜಾಗ, ಮತ್ತು ದಂಡೆಯ ಮೇಲೆ ಮಣ್ಣಿನಲ್ಲಿ ಹೂತ ಅಂಚು. ಹೂತ ಅಂಚಿನ ಚೂರು ಹಾಳೆ ಹೊಸದಿದ್ದಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿ, ಉಳಿದೆರಡನ್ನು ಅದಕ್ಕೆ ಹೋಲಿಸಿ.

ಚೂರನ್ನು ಮಡಚಿ, ಮಡಿಕೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಡಿಸಿ ನೋಡಿ. ಗೆರೆ ಮಾತ್ರ ಉಳಿದರೆ ಗಟ್ಟಿ. ಮಡಿಕೆಯುದ್ದಕ್ಕೂ ಬಿರುಕು ಕಂಡರೆ ಆ ಭಾಗ ಮುಗಿದಿದೆ. ಆಮೇಲೆ ಒಂದು ಇಂಚಿನ ಪಟ್ಟಿ ಕತ್ತರಿಸಿ ಎರಡೂ ಕೈಯಿಂದ ಜಗ್ಗಿ. ಜೀವವಿರುವ ನುಣ್ಣನೆಯ ಎಚ್‌ಡಿಪಿಇ ಹಾಳೆ ತುಂಡಾಗುವ ಮೊದಲು ತನ್ನ ಉದ್ದದ ಹಲವು ಪಟ್ಟು ಎಳೆದುಕೊಳ್ಳುತ್ತದೆ. ಒಣ ಎಲೆಯಂತೆ ಪಟ್ಟನೆ ಮುರಿದರೆ ಅದಕ್ಕೆ ತೇಪೆ ಹಾಕಿಸುವುದು ದುಡ್ಡು ಚೆಲ್ಲಿದಂತೆ. ಹೆಣೆದ ಹಾಳೆಯಲ್ಲಿ ಜಗ್ಗುವುದಕ್ಕಿಂತ ಉಗುರಿನ ಪರೀಕ್ಷೆ ಮುಖ್ಯ: ಮೇಲಿನ ಲೇಪ ಪೊರೆಯಂತೆ ಕಿತ್ತುಬಂದರೆ ಎಳೆಗಳ ಸಂದಿಯಿಂದಲೇ ನೀರು ಜಿನುಗುತ್ತದೆ. ಅಂಥ ಹಾಳೆಯಲ್ಲಿ ತೂತು ಹುಡುಕುತ್ತ ಕೂರಬೇಡಿ, ಹಾಳೆಯೇ ಜರಡಿಯಾಗಿದೆ.

ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಬೆಸುಗೆಯದು. ಚೂರು ಕತ್ತರಿಸಿದ ಜಾಗಕ್ಕೆ ಹೇಗೂ ತೇಪೆ ಹಾಕಲೇಬೇಕು. ಹಾಕಿಸುವಾಗ ತೇಪೆಯ ಒಂದು ತುದಿಯನ್ನು ಬೆಸೆಯದೆ ಬಾಲದಂತೆ ಬಿಟ್ಟು ಹಾಕಿಸಿ. ಮರುದಿನ ತಣ್ಣಗಾದ ಮೇಲೆ ಆ ಬಾಲ ಹಿಡಿದು ಜೋರಾಗಿ ಜಗ್ಗಿ. ಬೆಸುಗೆ ಬಿಡದೆ ಅದರ ಪಕ್ಕದ ಹಾಳೆ ಹರಿದರೆ ಹಳೆಯ ಹಾಳೆ ಇನ್ನೂ ಬೆಸುಗೆ ಹಿಡಿಯುತ್ತದೆ ಎಂದರ್ಥ. ತೇಪೆ ಸ್ವಚ್ಛವಾಗಿ ಕಿತ್ತುಬಂದರೆ, ಉಜ್ಜಿ ಮತ್ತೊಮ್ಮೆ ಮಾಡಿಸಿ. ಆಗಲೂ ಬಂದರೆ ನಿರ್ಧಾರವಾಯಿತು: ಹೊಸ ಹಾಳೆ. ‘ಗ್ಯಾರಂಟಿ ಕೊಡುತ್ತೇವೆ’ ಎನ್ನುವವರ ಕೈಲೂ ಈ ಒಂದು ತೇಪೆ ಮೊದಲು ಹಾಕಿಸಿ, ಉಳಿದ ಕೆಲಸ ಮರುದಿನಕ್ಕಿರಲಿ.

ಹಾಳೆಯಡಿಯ ಮಣ್ಣು

ಅದೇ ತೂತು ಎರೆ (ಕಪ್ಪು ಜಿಗುಟು ಮಣ್ಣಿನ) ಹೊಲದಲ್ಲಿ ಒಂದು ಕಥೆ, ಗರಸಿನಲ್ಲಿ (ಕಲ್ಲುಹರಳಿನ ನೆಲದಲ್ಲಿ) ಇನ್ನೊಂದು. ಡೋಣಿ ನದಿ ಸಾಲಿನ ಆಳದ ಎರೆಯಲ್ಲಿ ಸೂಜಿಯಷ್ಟು ತೂತಿನಿಂದ ನೀರು ಹೋದರೆ ಮಣ್ಣು ಉಬ್ಬಿ ತಾನೇ ಅಡ್ಡ ನಿಲ್ಲುತ್ತದೆ, ಹಂಗಾಮು ಮುಗಿಯುವವರೆಗೆ ಕಾಯಬಹುದು. ಹುನಗುಂದ, ಬಾದಾಮಿ ಕಡೆಯ ಗರಸು-ಕಲ್ಲಿನ ನೆಲದಲ್ಲಿ ಅಷ್ಟೇ ತೂತು ಹಗಲು ರಾತ್ರಿ ಹರಿಯುತ್ತದೆ, ಕಂಡ ವಾರವೇ ಮುಚ್ಚಿ. ಆದರೆ ಎರೆಗೆ ಬೇರೆ ದೋಷವಿದೆ. ದೊಡ್ಡ ಹರಿತದಿಂದ ನೀರು ಇಳಿದರೆ ಇಳಿಜಾರಿನ ಮಣ್ಣು ಮೆತ್ತಗಾಗಿ ಜಾರಿ ತಳದಲ್ಲಿ ಹೊಟ್ಟೆಯಂತೆ ಕೂರುತ್ತದೆ. ಬೇಸಗೆಯಲ್ಲಿ ದಂಡೆ ಬಿರಿದು ಹೂತ ಅಂಚು ಸಡಿಲಾಗುತ್ತದೆ. ಬರಿಗಾಲಲ್ಲಿ ಇಳಿಜಾರಿನ ಮೇಲೆ ನಡೆದು ನೋಡಿ. ಕಾಲಡಿ ಕೆಸರಿನಂತೆ ತುಳುಕಿದರೆ ಅಥವಾ ಟೊಳ್ಳು ಎನಿಸಿದರೆ ಆ ಬದಿಯ ಹಾಳೆ ಎತ್ತಿ ಮಣ್ಣು ಸರಿಮಾಡಲೇಬೇಕು. ಹಾಳೆ ಎತ್ತಲೇಬೇಕಾದ ಮೇಲೆ, ಅದು ಅರೆಜೀವವಾಗಿದ್ದರೆ ಹೊಸದರ ಕಡೆಗೆ ವಾಲುವುದೇ ಸರಿ.

ಘಟಪ್ರಭಾ, ಮಲಪ್ರಭಾ ಕಾಲುವೆಯ ಕೆಳಗಿನ ಹೊಲಗಳಲ್ಲೂ ಖಾನಾಪುರದಂಥ ಮಳೆ ಸೀಮೆಯಲ್ಲೂ ಅಂತರ್ಜಲ ಮೇಲಕ್ಕಿರುವ ತಿಂಗಳುಗಳಲ್ಲಿ ಹೊಂಡ ಬರಿದುಮಾಡಬೇಡಿ. ಒಳಗಿನ ನೀರಿನ ಭಾರ ತೆಗೆದರೆ ಕೆಳಗಿನ ನೀರು ಹಾಳೆಯನ್ನು ಗುಳ್ಳೆಯಂತೆ ಎತ್ತಿ ಬೆಸುಗೆ ಬಿಚ್ಚಿಸುತ್ತದೆ. ಗುಳ್ಳೆ ಎದ್ದರೆ ಚುಚ್ಚಬೇಡಿ, ನೀರು ತುಂಬಿ ಕೂರಿಸಿ, ಕೆಲಸ ಬೇಸಗೆಗೆ ಇಟ್ಟುಕೊಳ್ಳಿ.

ಮೂರು ದಾರಿ

ಮಡಚಿದರೆ ಬಿರಿಯದ, ಬೆಸುಗೆ ಹಿಡಿಯುವ ಹಾಳೆಗೆ ಕಲ್ಲು, ಇಲಿ-ಹೆಗ್ಗಣ, ಏಡಿ, ನಾಯಿಯ ಉಗುರು, ಸಲಿಕೆ ಇಂಥ ಹೊರಗಿನ ಕಾರಣದಿಂದ ತೂತು ಬಿದ್ದಿದ್ದರೆ ತೇಪೆಯೇ ಸರಿ, ತೂತು ಎಷ್ಟೇ ಇರಲಿ.

ಮೇಲ್ಪಟ್ಟಿ ಮಾತ್ರ ಸತ್ತು ನೀರಿನಡಿಯದು ಗಟ್ಟಿಯಿದ್ದರೆ ಪಟ್ಟಿಯನ್ನಷ್ಟೇ ಬದಲಿಸಬಹುದು. ಮಾದರಿ ಹೊಂಡದಲ್ಲಿ ಒಂದು ಮೀಟರ್ ಆಳದವರೆಗೆ ಬದಲಿಸಲು ಹೂಳುವ ಅಂಚೂ ಸೇರಿ ಸುಮಾರು 400 ಚದರ ಮೀಟರ್ ಹಾಳೆ ಬೇಕು, ಬೆಸುಗೆಯ ಉದ್ದ 108 ಮೀಟರ್. ಅಂದರೆ ಪೂರ್ತಿ ಹಾಳೆಯ ಮೂರನೇ ಒಂದು ಭಾಗದ ಖರ್ಚು, ಜೊತೆಗೆ ಕೂಲಿ. 500 ಮೈಕ್ರಾನಿನ (ಅರ್ಧ ಮಿಲಿಮೀಟರ್ ದಪ್ಪದ) ಹಾಳೆ ಮೂರೂ ಕಡೆಯ ಬೆಸುಗೆ ಪರೀಕ್ಷೆ ಗೆದ್ದಿದ್ದರೆ ಇದು ಲಾಭದ ದಾರಿ. 300 ಮೈಕ್ರಾನಿನ ಹಳೆಯ ಹಾಳೆಗೆ ಇದನ್ನು ಮಾಡಿಸಬೇಡಿ. ಮೇಲಿನ ಪಟ್ಟಿ ಹೊಸದಾಗಿ ಉಳಿಯುತ್ತದೆ, ಕೆಳಗಿನದು ಹೋಗುತ್ತದೆ.

ನೀರಿನಡಿಯ ಚೂರೂ ಬಿರಿದರೆ, ಲೇಪ ಕಿತ್ತರೆ, ಬೆಸುಗೆ ಹಿಡಿಯದಿದ್ದರೆ ಬದಲಿಸಿ. ಅರೆಮನಸ್ಸಿದ್ದಾಗ ಎರಡೂ ಕೆಲಸದ ದರ ಬರೆಸಿಕೊಂಡು, ಪ್ರತಿಯೊಂದನ್ನೂ ಎಷ್ಟು ವರ್ಷ ಬಾಳುತ್ತದೆಂದು ನಿಮಗೆ ನಂಬಿಕೆಯಿದೆಯೋ ಅಷ್ಟರಿಂದ ಭಾಗಿಸಿ. ವರ್ಷದ ಖರ್ಚು ಯಾವುದರಲ್ಲಿ ಕಡಿಮೆಯೋ ಅದು.

ತೇಪೆ ಹಾಕುವ ಬಗೆ

ದ್ರಾಕ್ಷಿಯ ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ನೀರು ಖರ್ಚಾಗಿ ಮೇ ತಿಂಗಳಲ್ಲಿ ಹೊಂಡ ತಳ ಕಾಣುತ್ತದೆ. ರೋಹಿಣಿ ಮಳೆಗೆ ಮುಂಚೆ ಸಿಗುವ ಆ ಎರಡು-ಮೂರು ವಾರವೇ ಕೆಲಸದ ಕಾಲ. ತಳದ ದುರಸ್ತಿ ಇಲ್ಲದಿದ್ದರೆ ಒಂದಡಿ ನೀರು ಉಳಿಸಿಕೊಳ್ಳಿ. ಪೂರ್ತಿ ಬರಿದಾದ ಹೊಂಡದ ಹಾಳೆಯನ್ನು ಮುಂಗಾರಿಗೆ ಮೊದಲಿನ ಅಡ್ಡಮಳೆಯ ಗಾಳಿ ಗಾಳಿಪಟದಂತೆ ಎತ್ತಿಬಿಡುತ್ತದೆ. ಬರಿದು ಮಾಡಲೇಬೇಕಾದರೆ ಮರಳು ಚೀಲಗಳನ್ನು ತಳದಲ್ಲೂ ಇಳಿಜಾರಿನ ಬುಡದಲ್ಲೂ ಎರಡೆರಡು ಮೀಟರಿಗೆ ಇಡಿ.

ಹೂಳು ತೆಗೆಯಲು ಸಲಿಕೆ, ಗುದ್ದಲಿ ಇಳಿಸಬೇಡಿ. ಹಳೆಯ ತೂತುಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಹೂಳು ಎತ್ತುವಾಗ. ಪ್ಲಾಸ್ಟಿಕ್ ಬುಟ್ಟಿ, ರಬ್ಬರ್ ಪಟ್ಟಿಯ ಕಸಬರಿಗೆ, ಬರಿಗಾಲು. ಮತ್ತು ಒಬ್ಬರೇ ಎಂದೂ ಇಳಿಯಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರಿಗೂ ಮೇಲೆ ಹತ್ತಲಾಗದು. ಸೊಂಟದ ಮಟ್ಟದ ನೀರಿನಲ್ಲೂ ಜೀವ ಹೋಗುತ್ತದೆ. ಗಂಟು ಹಾಕಿದ ದಪ್ಪ ಹಗ್ಗ ಅಥವಾ ಹಳೆಯ ಟೈರು ಕಟ್ಟಿದ ಏಣಿ ನಾಲ್ಕೂ ಬದಿಗೆ ಕಾಯಂ ಇರಲಿ, ಬೇಲಿ ಗಟ್ಟಿಯಿರಲಿ.

ತೂತಿನ ಸುತ್ತ ಕನಿಷ್ಠ 20 ಸೆಂಟಿಮೀಟರ್ ತೊಳೆದು, ಪಾಚಿ ಕೆರೆದು, ಹತ್ತಿ ಬಟ್ಟೆಯಿಂದ ಒರೆಸಿ ಒಣಗಿಸಿ. ಬಳಿಕ 80 ಅಥವಾ 100 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವಷ್ಟು ಹಗುರವಾಗಿ ಉಜ್ಜಿ. ಬಿಸಿಲಿಗೆ ಕೆಟ್ಟ ಮೇಲ್ಪದರ ಹೋದರೆ ಮಾತ್ರ ಕರಗಿದ ಪ್ಲಾಸ್ಟಿಕ್ ಕೂಡುತ್ತದೆ. ತೆಳು ಹಾಳೆಯಲ್ಲಿ ಆಳಕ್ಕೆ ಉಜ್ಜಿದರೆ ಅಲ್ಲೇ ಹೊಸ ತೂತು. ಉಜ್ಜಿದ ಜಾಗವನ್ನು ಕೈಯಿಂದ ಮುಟ್ಟಬೇಡಿ, ಧೂಳು ಕೂರುವ ಮೊದಲು ಬೆಸೆಯಿರಿ.

ತೇಪೆ ಅದೇ ಜಾತಿಯ, ಅದೇ ದಪ್ಪದ ಹಾಳೆಯದಿರಲಿ. ಹರಿತದ ಎಲ್ಲ ಬದಿಗೂ 15 ಸೆಂಟಿಮೀಟರ್ ದಾಟಬೇಕು, ಮೂಲೆಗಳು ದುಂಡಗಿರಬೇಕು. ಚೂಪು ಮೂಲೆ ಮೊದಲು ಏಳುತ್ತದೆ. ಉದ್ದ ಸೀಳಾಗಿದ್ದರೆ ಎರಡೂ ತುದಿಯನ್ನು ದುಂಡಗೆ ಕತ್ತರಿಸಿ, ಇಲ್ಲವಾದರೆ ಸೀಳು ತೇಪೆಯಡಿಯಲ್ಲೇ ಮುಂದೆ ಓಡುತ್ತದೆ. ತೂತಿಗೆ ಕಾರಣವಾದ ಕಲ್ಲು, ತೊಗರಿ ಬುಡ, ಜೇಕಿನ ಮೊಳಕೆ ಹಾಳೆಯಡಿ ಇದ್ದರೆ ಅದನ್ನು ತೆಗೆದು ಒದ್ದೆ ಮಣ್ಣು ತುಂಬಿದ ಮೇಲೆಯೇ ಮುಚ್ಚಬೇಕು.

ಬೆಸುಗೆಗೆ ಬಿಸಿಗಾಳಿ ಗನ್, 40 ಮಿಲಿಮೀಟರಿನ ಚಪ್ಪಟೆ ಮೂತಿ, ಸಿಲಿಕಾನ್ ರೋಲರ್ ಬೇಕು. ಮೊದಲು ಅಲ್ಲಲ್ಲಿ ಚುಕ್ಕೆಯಂತೆ ಹಿಡಿಸಿ. ಎರಡನೆಯ ಸುತ್ತಿನಲ್ಲಿ ಅಂಚಿನಿಂದ ಒಳಗೆ ಎರಡು ಇಂಚು ಬಿಟ್ಟು ಬೆಸೆದು, ಒಳಗಿನ ಗಾಳಿ ಹೊರಗೆ ಹೋಗುವಂತೆ ಒತ್ತಿ. ಕೊನೆಗೆ ಹೊರ ಅಂಚು. ಎರಡೂ ಮೈ ಏಕಕಾಲಕ್ಕೆ ಮಿರುಗಬೇಕು, ಆ ಕ್ಷಣವೇ ರೋಲರ್ ಓಡಬೇಕು. ಹೊಗೆ ಬಂದರೆ ಅಥವಾ ಹಾಳೆ ಮುದುಡಿದರೆ ಕಾವು ಹೆಚ್ಚು, ಮಿರುಗದೆ ಅಂಟಿದರೆ ಕಾವು ಸಾಲದು. ಸಾಲದ ಬೆಸುಗೆ ಮೋಸದ್ದು: ಅಂದು ಚೆನ್ನಾಗಿ ಕಂಡು ನೀರು ತುಂಬಿದ ಮೇಲೆ ಬಿಡುತ್ತದೆ. ಅದಕ್ಕೆ ಮುಖ್ಯ ಕಾರಣ ಪಂಪ್‌ಸೆಟ್ ಲೈನಿನ ವೋಲ್ಟೇಜ್ ಏರಿಳಿತ ಮತ್ತು ಗಾಳಿ. ಗನ್ನಿಗೆ ಸಾಕಾಗುವಷ್ಟು ದೊಡ್ಡ ಜನರೇಟರ್ ತನ್ನಿ, ಬೆಳಗ್ಗೆ ಏಳರಿಂದ ಹನ್ನೊಂದರೊಳಗೆ ಮುಗಿಸಿ. ಆಮೇಲೆ ಅಂಚಿನುದ್ದಕ್ಕೂ ಮೊಂಡು ಸ್ಕ್ರೂಡ್ರೈವರ್ ಆಡಿಸಿ. ಎಲ್ಲಿಯೂ ಒಳನುಗ್ಗಬಾರದು.

ಹೊಸದು ಕೊಳ್ಳುವಾಗ

ಮಾದರಿ ಹೊಂಡಕ್ಕೆ ಬೇಕಾದ ಹಾಳೆಯ ಒಂದು ಬದಿ: ತಳ 21, ಎರಡು ಇಳಿಜಾರು 5.4ರಂತೆ 10.8, ದಂಡೆ-ಟ್ರೆಂಚಿಗೆ ಎರಡೂ ಕಡೆ 1.25ರಂತೆ 2.5. ಒಟ್ಟು 34.3 ಮೀಟರ್. ಅಂದರೆ ಸುಮಾರು 1,180 ಚದರ ಮೀಟರ್. 21 ಮೀಟರಿನ ಹೊಂಡಕ್ಕೆ 26×26, ಅಂದರೆ 676 ಚದರ ಮೀಟರ್. ಬಾಯಿಯ ಅಳತೆ ಮಾತ್ರ ಹೇಳಿ ತಂದ ಹಾಳೆ ಮೂಲೆಯಲ್ಲಿ ಸಾಲದೆ ಬಿಗಿದು, ಮೊದಲ ಚಳಿಗಾಲಕ್ಕೇ ಹರಿಯುತ್ತದೆ.

ದಪ್ಪವನ್ನು ತೂಕದಿಂದ ಪರೀಕ್ಷಿಸಿ. ಎಚ್‌ಡಿಪಿಇ 500 ಮೈಕ್ರಾನಿನ ನುಣ್ಣನೆಯ ಹಾಳೆ ಚದರ ಮೀಟರಿಗೆ ಸುಮಾರು 470 ಗ್ರಾಂ, 300 ಮೈಕ್ರಾನಿನದು 280 ಗ್ರಾಂ. 10×10 ಸೆಂಟಿಮೀಟರಿನ ಹತ್ತು ಚೂರು ಕತ್ತರಿಸಿ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ 500 ಮೈಕ್ರಾನಿನದು 47 ಗ್ರಾಂ ಹತ್ತಿರ ಬರಬೇಕು. ಹೆಣೆದ ಹಾಳೆಯಾದರೆ ಐಎಸ್ 15351 ಗುರುತು ಕೇಳಿ.

ತಳದ ಕಲ್ಲು, ಬೇರು ಆರಿಸಿ, ಗರಸು ನೆಲವಾದರೆ ಸೋಸಿದ ಮಣ್ಣು ಎರಡು ಇಂಚು ಹಾಸಿ ನೀರು ಚಿಮುಕಿಸಿ ಬಡಿಯಿರಿ. ಹಳೆಯ ಹಾಳೆಯನ್ನೇ ಕೆಳಹಾಸಾಗಿ ಬಿಡಬಹುದು, ಕಲ್ಲು ನೆಲದಲ್ಲಿ ಅದು ಒಳ್ಳೆಯ ಮೆತ್ತೆ. ಆದರೆ ತಳದಲ್ಲಿ ಅಲ್ಲಲ್ಲಿ ಅಡ್ಡ ಸೀಳಿರಬೇಕು, ಇಲ್ಲವಾದರೆ ಎರಡು ಹಾಳೆಯ ನಡುವೆ ನೀರು ಸಿಕ್ಕಿ ಮೇಲಿನದು ತೇಲುತ್ತದೆ. ಗರಿಗರಿಯಾದ ಹಾಳೆಯನ್ನು ಮಾತ್ರ ಪೂರ್ತಿ ಎತ್ತಿ ಗುಜರಿಗೆ ಕೊಡಿ. ಹೊಲದಲ್ಲಿ ಬಿಟ್ಟರೆ ಚೂರುಚೂರಾಗಿ ಮಣ್ಣಿಗೆ ಸೇರುತ್ತದೆ.

ಹಾಸುವುದು ನಸುಕಿನಲ್ಲಿ. ನಸುಕಿಗೂ ಮಧ್ಯಾಹ್ನಕ್ಕೂ ಕಪ್ಪು ಹಾಳೆಯ ಕಾವಿನಲ್ಲಿ 40 ಡಿಗ್ರಿ ವ್ಯತ್ಯಾಸ ಬಂದರೆ 34 ಮೀಟರಿನ ಹಾಳೆ 20-25 ಸೆಂಟಿಮೀಟರ್ ಹಿಗ್ಗುತ್ತದೆ. ಮಧ್ಯಾಹ್ನ ಸುಕ್ಕಿಲ್ಲದಂತೆ ಎಳೆದು ಹೂತವರ ಹಾಳೆ ರಾತ್ರಿ ಕುಗ್ಗಿ ಇಳಿಜಾರಿನ ಬುಡದಲ್ಲಿ ನೆಲ ಬಿಟ್ಟು ತಮಟೆಯಂತೆ ಬಿಗಿಯುತ್ತದೆ, ನೀರಿನ ಭಾರ ಬಿದ್ದಾಗ ಹರಿಯುವುದು ಅಲ್ಲೇ. ಆದ್ದರಿಂದ ಸಡಿಲ ಬಿಡಿ, ಸುಕ್ಕು ಕಂಡರೆ ಬೇಸರ ಬೇಡ. ಜಾಗದಲ್ಲೇ ಬೆಸೆದ ಜೋಡು ಗೆರೆಯ ಬೆಸುಗೆಯಿದ್ದರೆ ನಡುವಿನ ಕೊಳವೆಯ ಎರಡೂ ತುದಿ ಮುಚ್ಚಿ, ಸೂಜಿ ಚುಚ್ಚಿ ಗಾಳಿ ತುಂಬಿಸಿ. ಐದು ನಿಮಿಷ ಉಬ್ಬು ಇಳಿಯಬಾರದು.

ದಂಡೆಯಿಂದ ಎರಡಡಿ ಹಿಂದೆ ತೋಡಿದ ಒಂದೂವರೆ ಅಡಿ ಆಳದ ಟ್ರೆಂಚಿನಲ್ಲಿ ಅಂಚು ಇಳಿಬಿಟ್ಟು ಮೊದಲು ಮರಳು ಚೀಲ ಮಾತ್ರ ಹೇರಿ. ಹೊಂಡದಲ್ಲಿ ಒಂದು ಮೀಟರ್ ನೀರು ನಿಂತು ಹಾಳೆ ತನ್ನ ಜಾಗ ಹಿಡಿದ ಮೇಲೆ, ತಂಪು ಹೊತ್ತಿನಲ್ಲಿ ಮಣ್ಣು ತುಂಬಿ ತುಳಿಯಿರಿ. ನೀರು ಬೀಳುವ ಪೈಪಿನ ಬಾಯಡಿ ಮತ್ತು ಫುಟ್‌ವಾಲ್ವಿನಡಿ ಅದೇ ಹಾಳೆಯ ಎರಡು ಪದರದ ಮೆತ್ತೆ ಇರಲಿ. ಫುಟ್‌ವಾಲ್ವನ್ನು ತಳಕ್ಕೆ ಬಿಡದೆ ಖಾಲಿ ಕ್ಯಾನಿಗೆ ಕಟ್ಟಿ ತೇಲಿಸಿ. ಅಂದಿನ ನೀರಿನ ಮಟ್ಟವನ್ನು ನಾಲ್ಕೂ ಬದಿಗೆ ಬಣ್ಣದಿಂದ ಗುರುತು ಮಾಡಿ, ಬಕೆಟ್ಟನ್ನು ಮತ್ತೆ ಚೀಲದ ಮೇಲೆ ಕೂರಿಸಿ.